ಹದಿನಾರನೆಯ ದಿನದಿಂದ ಮಾತ್ರೆ ಯಾರ ಹೊಣೆ? ಆರೋಗ್ಯ ಕರ್ನಾಟಕ, ಡಿಸ್ಚಾರ್ಜ್ ಚೀಟಿ ಮತ್ತು ಊರಿನ ಪಿಎಚ್‌ಸಿ

ಹಿರಿಯಡ್ಕದ ಮಗಳು · ಭಾನುವಾರ ಸಂಜೆ

ಈ ವಿಷಯವನ್ನು ಇಲ್ಲಿ ಎತ್ತಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ. ಕಳೆದ ಆಟಿ ತಿಂಗಳ ಮಳೆಯಲ್ಲಿ ಅಮ್ಮನಿಗೆ ಹೃದಯಾಘಾತವಾಯಿತು. ಅವರು ತಮ್ಮನ ಮನೆಯಲ್ಲಿರುವುದರಿಂದ ಹೆಸರು ಆ ಮನೆಯ ಬಿಪಿಎಲ್ ಕಾರ್ಡಿನಲ್ಲಿದೆ. ತುರ್ತು ಚಿಕಿತ್ಸೆಗೆ ರೆಫರಲ್ ಚೀಟಿ ಬೇಡವೆಂಬ ನಿಯಮವಿದ್ದ ಕಾರಣ ನೇರವಾಗಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಅಡಿಯಲ್ಲಿ ಸ್ಟೆಂಟ್ ಹಾಕಿದರು. ಐದನೆಯ ದಿನ ಮನೆಗೆ ಹೊರಟಾಗ ನಾವು ಕಟ್ಟಬೇಕಾದದ್ದು ಏನೂ ಇರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಅಪ್ಪನಿಗೆ ಹೀಗೇ ಆದಾಗ ಅಡವಿಟ್ಟ ಅಮ್ಮನ ಬಳೆಗಳು ಮತ್ತೆ ಮನೆಗೆ ಬರಲೇ ಇಲ್ಲ. ಆದ್ದರಿಂದ ಈ ಯೋಜನೆಯ ಬಗ್ಗೆ ಹಗುರವಾಗಿ ಮಾತನಾಡಲು ನನಗೆ ಬಾಯಿ ಬಾರದು.

ಆದರೆ ಮನೆಗೆ ಬಂದ ಮೇಲೆ ನಡೆದದ್ದನ್ನು ಹೇಳಲೇಬೇಕು. ಅಮ್ಮನಿಗೆ ಆರು ವರ್ಷಗಳಿಂದ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ, ಅಂದರೆ ಪಿಎಚ್‌ಸಿಯಿಂದ, ಬಿಪಿ ಮಾತ್ರೆ ಬರುತ್ತಿತ್ತು. ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಹೊಸ ಮಾತ್ರೆಗಳಿದ್ದವು, ಜೊತೆಗೆ ಮೂರು ಪುಟಗಳ ಡಿಸ್ಚಾರ್ಜ್ ಸಮರಿ, ಪೂರ್ತಿ ಇಂಗ್ಲಿಷಿನಲ್ಲಿ. ಅಮ್ಮ ಹಳೆಯದನ್ನು ಬಿಡಲಿಲ್ಲ, ಹೊಸದನ್ನೂ ಶುರುಮಾಡಿದರು. ಬಿಡಬೇಕೆಂದು ಅವರಿಗೆ ಹೇಳಿದವರು ಯಾರೂ ಇರಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲಲ್ಲಿ ಕುಸಿದರು. ಪಿಎಚ್‌ಸಿಯ ಡಾಕ್ಟ್ರು ಎಲ್ಲ ಸ್ಟ್ರಿಪ್‌ಗಳನ್ನೂ ಮೇಜಿನ ಮೇಲೆ ಸಾಲಾಗಿ ಇಡಿಸಿ, ಒಂದೊಂದನ್ನೇ ಮಗುಚಿ ತೋರಿಸಿದರು. ಎದುರಿನಲ್ಲಿ ಬೇರೆ ಬೇರೆ ಹೆಸರು, ಬೇರೆ ಬೇರೆ ಬಣ್ಣ. ಬೆನ್ನಿನಲ್ಲಿ ಸಣ್ಣ ಅಕ್ಷರದಲ್ಲಿ ಎರಡರಲ್ಲಿಯೂ ಅಮ್ಲೊಡಿಪಿನ್ ಎಂಬ ಅದೇ ಬಿಪಿ ಮದ್ದು. ಅಮ್ಮ ಹತ್ತು ದಿನ ಒಂದೇ ಮದ್ದನ್ನು ಎರಡು ಸಲ ನುಂಗಿದ್ದರು.

ಇನ್ನೂ ಒಂದು ಇದೆ. ಆಸ್ಪತ್ರೆ ಕೊಟ್ಟ ಮಾತ್ರೆಗಳು ಹದಿನೈದು ದಿನಕ್ಕೆ ಮುಗಿದವು. ಸ್ಟೆಂಟ್ ಹಾಕಿದವರು ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್‌ನಂತಹ ಎರಡನೆಯ ಮಾತ್ರೆಯನ್ನೂ ಸಾಮಾನ್ಯವಾಗಿ ಒಂದು ವರ್ಷದವರೆಗೆ ಬಿಡದೆ ತೆಗೆದುಕೊಳ್ಳಬೇಕು, ನಡುವೆ ನಿಲ್ಲಿಸಿದರೆ ಸ್ಟೆಂಟಿನಲ್ಲೇ ರಕ್ತ ಹೆಪ್ಪುಗಟ್ಟಬಹುದು ಎಂಬುದು ನನಗೆ ಆಮೇಲೆ ತಿಳಿಯಿತು. ಆ ದಿನ ನಮ್ಮ ಪಿಎಚ್‌ಸಿಯಲ್ಲಿ ಆಸ್ಪಿರಿನ್ ಇತ್ತು, ಇನ್ನೊಂದು ಇರಲಿಲ್ಲ. ರಕ್ತ ತೆಳುವಾಗುವ ಮಾತ್ರೆ ಸಿಕ್ಕಿತಲ್ಲ, ಸಾಕು ಎಂದು ತಮ್ಮ ಸುಮ್ಮನಾಗಿದ್ದ. ನಾಲ್ಕು ದಿನ ಕಳೆದ ಮೇಲೆ ನಾನು ಉಡುಪಿಯ ಜನೌಷಧಿ ಅಂಗಡಿಯಿಂದ ತಂದುಕೊಟ್ಟೆ.

ಆಮೇಲೆ ನಿಯಮಗಳನ್ನು ಓದಿದೆ. ಆಯುಷ್ಮಾನ್ ಭಾರತದ ಪ್ಯಾಕೇಜ್, ದಾಖಲಾಗುವ ಮೊದಲಿನ 3 ದಿನ ಮತ್ತು ಬಿಡುಗಡೆಯಾದ ನಂತರದ 15 ದಿನಗಳ ಖರ್ಚನ್ನು ಒಳಗೊಳ್ಳುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಇರುವ ಸೌಲಭ್ಯದಲ್ಲಿ ಪ್ರತಿ ಶಸ್ತ್ರಚಿಕಿತ್ಸೆಗೆ ಒಂದು ಕೋಡ್, ಪ್ರತಿ ಕೋಡಿಗೆ ಒಂದು ದರ. ಹದಿನಾರನೆಯ ದಿನಕ್ಕೆ ಕೋಡ್ ಇಲ್ಲ. ಪ್ಯಾಕೇಜ್ ಮೊತ್ತದ ಒಂದು ಸಣ್ಣ ಪಾಲನ್ನು ತಡೆಹಿಡಿದು, ರೋಗಿಯ ಊರಿನ ಪಿಎಚ್‌ಸಿಗೆ ವಿವರ ತಲುಪಿ, ಅಲ್ಲಿ ಮೊದಲ ತಪಾಸಣೆ ಆದ ನಂತರವೇ ಆಸ್ಪತ್ರೆಗೆ ಬಿಡುಗಡೆ ಮಾಡಬಾರದೇಕೆ? ಈ ವ್ಯವಸ್ಥೆಯೊಳಗೆ ಕೆಲಸ ಮಾಡುವವರು ದಯವಿಟ್ಟು ಬರೆಯಬೇಕು.


ಬೈಂದೂರು ಕಡೆಯ ವೈದ್ಯಾಧಿಕಾರಿ · ಭಾನುವಾರ ರಾತ್ರಿ

ಅಕ್ಕ, ನಿಮ್ಮ ಅಮ್ಮ ಈಗ ಹುಷಾರಾಗಿದ್ದಾರೆಂದು ಭಾವಿಸುತ್ತೇನೆ. ಮೇಜಿನ ಮೇಲೆ ಸ್ಟ್ರಿಪ್‌ಗಳನ್ನು ಸಾಲಾಗಿ ಇಡಿಸುವ ಕೆಲಸವನ್ನು ನಾನು ವಾರಕ್ಕೆ ನಾಲ್ಕೈದು ಸಲ ಮಾಡುತ್ತೇನೆ.

2018ರ ಮಾರ್ಚ್ 2ರಂದು ಆರೋಗ್ಯ ಕರ್ನಾಟಕ ಆರಂಭವಾದಾಗ ಅದರ ಮೂಲ ಆಲೋಚನೆ ಹಣಕ್ಕೆ ಮಾತ್ರ ಸಂಬಂಧಿಸಿದ್ದಾಗಿರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಚಿಕಿತ್ಸೆ ಅಲ್ಲಿಯೇ ಆಗಬೇಕು, ಆಗದಿದ್ದರೆ ಮಾತ್ರ ಅಲ್ಲಿಂದ ರೆಫರ್ ಆಗಿ ಖಾಸಗಿಗೆ ಹೋಗಬೇಕು ಎಂಬ ಕ್ರಮವನ್ನು ಕಟ್ಟುವುದು ಅದರ ಉದ್ದೇಶವಾಗಿತ್ತು. ಅದೇ ವರ್ಷ ಅಕ್ಟೋಬರ್ 30ರಂದು ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ಸೇರಿದಾಗಲೂ ಈ ವಿಭಜನೆ ಹಾಗೆಯೇ ಉಳಿಯಿತು. ಆಗಿನ ಪಟ್ಟಿಯಲ್ಲಿದ್ದ 1,650 ಚಿಕಿತ್ಸೆಗಳಲ್ಲಿ ಸರಳ ದ್ವಿತೀಯ ಹಂತದವು 2ಎ, ಸಂಕೀರ್ಣ ದ್ವಿತೀಯ ಹಂತದವು 2ಬಿ, ತೃತೀಯ ಹಂತದವು 3ಎ, ತುರ್ತಿನವು 4ಎ. ರೆಫರಲ್ ಇಲ್ಲದೆ ನೇರವಾಗಿ ಹೋಗಬಹುದಾದದ್ದು 4ಎ ಮಾತ್ರ.

ಕಾಗದದ ಮೇಲೆ ಇದು ಒಳ್ಳೆಯ ಕ್ರಮ. ಆದರೆ ಕಾಲಕ್ರಮದಲ್ಲಿ ರೆಫರಲ್ ಚೀಟಿ ಎಂಬುದು ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಿಗೆ ಬರೆಯುವ ಪತ್ರವಾಗಿ ಉಳಿಯದೆ, ಹಣ ಮಂಜೂರಾಗಲು ಬೇಕಾದ ಒಂದು ದಾಖಲೆಯಾಗಿಬಿಟ್ಟಿತು. ರೋಗಿ ಆಗಲೇ ಮೇಲಿನ ಆಸ್ಪತ್ರೆಯಲ್ಲಿ ಮಲಗಿರುತ್ತಾರೆ, ಮಗ ಬೈಕಿನಲ್ಲಿ ಬಂದು, “ಡಾಕ್ಟ್ರೇ, ಚೀಟಿ ಒಂದು ಕೊಟ್ಟರೆ ಸಾಕಿತ್ತು” ಎನ್ನುತ್ತಾನೆ. ಕೊಡದಿದ್ದರೆ ಆ ಕುಟುಂಬ ಸಾಲಕ್ಕೆ ಬೀಳುತ್ತದೆ. ಕೊಟ್ಟರೆ ನಾನು ನೋಡದ ರೋಗಿಯ ಬಗ್ಗೆ ಬರೆದಂತಾಗುತ್ತದೆ. ಮೇಲಕ್ಕೆ ಹೋದ ನೂರು ಚೀಟಿಗಳಿಗೆ ಉತ್ತರವಾಗಿ ಕೆಳಕ್ಕೆ ಬಂದ ಪತ್ರಗಳನ್ನು ಎಣಿಸಲು ನನಗೆ ಒಂದು ಕೈಯ ಬೆರಳುಗಳು ಸಾಕಾಗುತ್ತವೆ.

ನಿಮ್ಮ ಸಲಹೆಯನ್ನು ಒಪ್ಪುತ್ತೇನೆ, ಆದರೆ ಪಿಎಚ್‌ಸಿಗೆ ಬರಿಯ ಕಾಗದ ಬಂದರೆ ಪ್ರಯೋಜನವಿಲ್ಲ, ಮದ್ದೂ ಬರಬೇಕು. 2017ರ ರಾಷ್ಟ್ರೀಯ ಆರೋಗ್ಯ ನೀತಿ, ಸಂಪನ್ಮೂಲದ ಮೂರರಲ್ಲಿ ಎರಡು ಪಾಲು ಅಥವಾ ಅದಕ್ಕಿಂತ ಹೆಚ್ಚನ್ನು ಪ್ರಾಥಮಿಕ ಆರೈಕೆಗೆ ಕೊಡಬೇಕೆಂದು ಹೇಳಿದೆ. ಆ ಮಾತು ಮಾತ್ರೆಯ ಕಪಾಟಿನವರೆಗೆ ತಲುಪಬೇಕಾಗಿದೆ.


ಮಂಗಳೂರು, ಆಸ್ಪತ್ರೆಯ ಬಿಲ್ಲಿಂಗ್ ವಿಭಾಗ · ಸೋಮವಾರ ಬೆಳಿಗ್ಗೆ

ನಾನು ಒಂದು ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಗಳ ಕಡತಗಳನ್ನು ನೋಡಿಕೊಳ್ಳುತ್ತೇನೆ. ಆಸ್ಪತ್ರೆಯ ಪರವಾಗಿ ಬರೆಯುತ್ತಿಲ್ಲ, ನನ್ನ ಅನುಭವ ಮಾತ್ರ.

ಹಣ ತಡೆಹಿಡಿಯುವ ಸಲಹೆಯನ್ನು ನಾನು ಒಪ್ಪಲಾರೆ. ಪ್ಯಾಕೇಜ್ ದರದಲ್ಲಿ ಹಾಸಿಗೆ, ಶಸ್ತ್ರಚಿಕಿತ್ಸೆ, ಮದ್ದು, ಊಟ ಎಲ್ಲವೂ ಸೇರಿರುತ್ತದೆ. ಅದರಿಂದ ಇನ್ನೂ ಒಂದು ಪಾಲನ್ನು ಕಡಿದು, ಆಸ್ಪತ್ರೆಯ ಕೈಯಲ್ಲಿಲ್ಲದ ಪಿಎಚ್‌ಸಿ ತಪಾಸಣೆಗೆ ಕಟ್ಟಿಹಾಕಿದರೆ, ಸಣ್ಣ ಆಸ್ಪತ್ರೆಗಳು ಯೋಜನೆಯಿಂದಲೇ ಹೊರನಡೆಯಬಹುದು. ಆಗ ನಷ್ಟ ಯಾರಿಗೆ? ಹೆಬ್ರಿಯಿಂದ, ಸುಳ್ಯದಿಂದ ಬರುವ ರೋಗಿಗೇ.

ಆದರೆ ನಿಮ್ಮ ಬರಹವನ್ನು ಓದುವಾಗ ನನಗೆ ಒಂದು ಸಂಗತಿ ಹೊಳೆದು, ಆಮೇಲೆ ರಾತ್ರಿಯಿಡೀ ಅದೇ ತಲೆಯಲ್ಲಿತ್ತು. ಕ್ಲೇಮ್ ಮಾಡುವಾಗ ನಾವು ಡಿಸ್ಚಾರ್ಜ್ ಸಮರಿಯನ್ನು ಸ್ಕ್ಯಾನ್ ಮಾಡಿ ಪೋರ್ಟಲ್‌ಗೆ ಹಾಕಲೇಬೇಕು, ಅದಿಲ್ಲದೆ ಹಣವಿಲ್ಲ. ಅಂದರೆ ನಿಮ್ಮ ಅಮ್ಮನ ಆ ಮೂರು ಪುಟಗಳು ಹಣದ ಲೆಕ್ಕಕ್ಕಾಗಿ ಬೆಂಗಳೂರಿನವರೆಗೆ ಹೋಗಿವೆ, ಆದರೆ ಹಿರಿಯಡ್ಕಕ್ಕೆ ಹೋಗಿಲ್ಲ. ಹೊಸ ಕಾಗದ, ಹೊಸ ಕೆಲಸ ಯಾವುದೂ ಬೇಡ. ಅದೇ ಕಡತವನ್ನು ರೋಗಿಯ ವಿಳಾಸಕ್ಕೆ ಸೇರಿದ ಪಿಎಚ್‌ಸಿಯ ಲಾಗಿನ್‌ಗೆ ತೆರೆದಿಟ್ಟರೆ ಅರ್ಧ ದಾರಿ ಕ್ರಮಿಸಿದಂತೆ. ತಡೆಹಿಡಿಯುವ ಬದಲು ಸಣ್ಣದೊಂದು ಮೊತ್ತವನ್ನು ಪ್ಯಾಕೇಜಿಗೆ ಸೇರಿಸಿ, ಕನ್ನಡದಲ್ಲಿ ಒಂದು ಪುಟದ ಸಾರಾಂಶ ಕೊಟ್ಟವರಿಗೆ ಮಾತ್ರ ಅದು ಸಿಗುವಂತೆ ಮಾಡಲಿ. ಮಾಡುವವರು ಮಾಡುತ್ತಾರೆ.


ನಿವೃತ್ತ ಫಾರ್ಮಸಿಸ್ಟ್, ಕಾರ್ಕಳ · ಸೋಮವಾರ ಮಧ್ಯಾಹ್ನ

ಹಳೆಯ ಕಥೆಯನ್ನು ಸ್ವಲ್ಪ ನೆನಪಿಸುತ್ತೇನೆ, ಏಕೆಂದರೆ ನಮ್ಮ ರಾಜ್ಯ ಈ ದಾರಿಯಲ್ಲಿ ನಡೆಯತೊಡಗಿ ಎರಡು ದಶಕಗಳಾದವು. 2003ರಲ್ಲಿ ಯಶಸ್ವಿನಿ ಬಂತು. ಸಹಕಾರ ಸಂಘದ ಸದಸ್ಯರು ವರ್ಷಕ್ಕೆ ಸಣ್ಣ ವಂತಿಗೆ ಕಟ್ಟಿ ಶಸ್ತ್ರಚಿಕಿತ್ಸೆಯ ಸೌಲಭ್ಯ ಪಡೆಯುತ್ತಿದ್ದರು. ನಮ್ಮ ಕಡೆ ಹಾಲಿನ ಸೊಸೈಟಿಗೆ ಹಾಲು ಹಾಕುವವರಿಗೆಲ್ಲ ಅದರ ಪರಿಚಯವಿತ್ತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಕಲಬುರಗಿ ವಿಭಾಗದಿಂದ ಶುರುವಾಗಿ ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂತಹ ದೊಡ್ಡ ಚಿಕಿತ್ಸೆಗಳನ್ನು ಕೊಟ್ಟಿತು. ಎಪಿಎಲ್‌ನವರಿಗೆ ರಾಜೀವ್ ಆರೋಗ್ಯ ಭಾಗ್ಯ, ಸರ್ಕಾರಿ ನೌಕರರಿಗೆ ಜ್ಯೋತಿ ಸಂಜೀವಿನಿ. 2018ರಲ್ಲಿ ಇವುಗಳಲ್ಲಿ ಹಲವನ್ನು ಒಂದೇ ಚಾವಣಿಯ ಕೆಳಗೆ ತಂದರು. ಯಶಸ್ವಿನಿ ಮತ್ತೆ ಬೇಕೆಂದು ರೈತರು ಕೇಳಿದ್ದರಿಂದ ಅದು ಪ್ರತ್ಯೇಕವಾಗಿ ಪುನಃ ಜಾರಿಗೆ ಬಂತು.

ಇವೆಲ್ಲದರಲ್ಲಿಯೂ ಹಣ ಕೊಡುವ ಕ್ಷಣ ಒಂದೇ: ರೋಗಿ ಹಾಸಿಗೆಯ ಮೇಲೆ ಮಲಗಿದಾಗ. ನಾನು ಮೂವತ್ತು ವರ್ಷ ಕೌಂಟರಿನ ಹಿಂದೆ ನಿಂತು ನೋಡಿದ್ದು ಬೇರೆ. ಡಯಾಬಿಟಿಸ್‌ನವರು, ಬಿಪಿಯವರು, ಪಾರ್ಶ್ವವಾಯು ಬಡಿದು ಚೇತರಿಸಿಕೊಳ್ಳುವವರು ಪ್ರತಿ ತಿಂಗಳೂ ಬರುವವರು. ತಿಂಗಳ ಕೊನೆಯಲ್ಲಿ ಹತ್ತು ಮಾತ್ರೆಯ ಸ್ಟ್ರಿಪ್ಪನ್ನು ಐದಕ್ಕೆ ಕತ್ತರಿಸಿ ಕೊಡಿ ಎಂದು ಕೇಳುವವರು. ದೇಶದ ಆರೋಗ್ಯ ವೆಚ್ಚದಲ್ಲಿ ಜನರು ತಮ್ಮ ಕೈಯಿಂದ ಕೊಡುವ ಪಾಲು 2013–14ರಲ್ಲಿ ಶೇ. 64.2 ಇದ್ದದ್ದು 2021–22ರ ಹೊತ್ತಿಗೆ ಶೇ. 39.4ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಇಳಿದದ್ದು ಸಂತೋಷವೇ. ಉಳಿದ ಆ ಪಾಲು ಎಲ್ಲಿದೆ ಎಂದು ಕೇಳಿದರೆ, ಕತ್ತರಿಸಿದ ಆ ಸ್ಟ್ರಿಪ್ಪಿನಲ್ಲಿದೆ ಎಂದು ನಾನು ಹೇಳುತ್ತೇನೆ.


ತೊಕ್ಕೊಟ್ಟು ನಿವಾಸಿ · ಸೋಮವಾರ ಸಂಜೆ

ಎಪಿಎಲ್ ಕಾರ್ಡಿನವರ ಪಾಡನ್ನೂ ಸೇರಿಸಿ. ನಮಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ ಎಂದು ಯೋಜನೆ ಹೇಳುತ್ತದೆ. ಕರಾವಳಿಯಲ್ಲಿ ಗಲ್ಫಿನಿಂದ ಮರಳಿದ, ಕೈಯಲ್ಲಿ ಕೆಲಸವಿಲ್ಲದ ಎಷ್ಟೋ ಮನೆಗಳು ಇನ್ನೂ ಎಪಿಎಲ್ ಪಟ್ಟಿಯಲ್ಲಿವೆ. ಶೇ. 30 ಎಂಬುದು ಆಸ್ಪತ್ರೆಯ ಬಿಲ್ಲಿನದ್ದಲ್ಲ, ಸರ್ಕಾರ ನಿಗದಿಮಾಡಿದ ದರದ್ದು ಎಂಬುದು ನಮಗೆ ಗೊತ್ತಾದದ್ದು ಬಿಲ್ ಕೈಗೆ ಬಂದ ಮೇಲೆ. ಪ್ರವೇಶದ ಹೊತ್ತಿಗೇ ಇದನ್ನು ಬರಹದಲ್ಲಿ ಕೊಡಬೇಕು.


ಆಶಾ ಕಾರ್ಯಕರ್ತೆ, ಬೆಳ್ತಂಗಡಿ ತಾಲೂಕು · ಸೋಮವಾರ ರಾತ್ರಿ

ಡಾಕ್ಟ್ರು ಮತ್ತು ಅಕ್ಕನವರು ಬರೆದದ್ದನ್ನು ಓದಿದೆ. ನೀವು ಹೊಸದಾಗಿ ಕೇಳುತ್ತಿರುವುದು ನಮ್ಮಲ್ಲಿ ಬಾಣಂತಿಯರಿಗೆ ಆಗಲೇ ಇದೆ ಎಂಬುದನ್ನು ಹೇಳಲು ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ನಾವು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಹೋಗುತ್ತೇವೆ. ಮಗುವಿನ ತೂಕ, ಮೈಬಿಸಿ, ಹೊಕ್ಕುಳು, ತಾಯಿಯ ರಕ್ತಸ್ರಾವ ಎಲ್ಲವನ್ನೂ ನೋಡಿ ಬರೆಯುತ್ತೇವೆ. ಆರೂ ಭೇಟಿಗಳು ಮುಗಿದರೆ ನಮಗೆ 250 ರೂಪಾಯಿ ಪ್ರೋತ್ಸಾಹಧನ ಎಂಬುದು ರಾಷ್ಟ್ರೀಯ ಮಾರ್ಗಸೂಚಿ. ಆ ಹಣ ದೊಡ್ಡದಲ್ಲ. ಆದರೆ ಭೇಟಿಗೆ ಒಂದು ಹೆಸರಿದೆ, ದಿನವಿದೆ, ನಮೂನೆಯಿದೆ, ಕೇಳುವವರಿದ್ದಾರೆ. ಬಾಣಂತಿಯ ಕೈಯಲ್ಲಿ ತಾಯಿ ಕಾರ್ಡ್ ಇರುತ್ತದೆ. ಪಿಎಚ್‌ಸಿ ನರ್ಸ್, ತಾಲೂಕು ಆಸ್ಪತ್ರೆಯ ಡಾಕ್ಟ್ರು, ಮಂಗಳೂರಿನ ಲೇಡಿಗೋಶನ್ ಹೆರಿಗೆ ಆಸ್ಪತ್ರೆಯವರು ಎಲ್ಲರೂ ಅದರಲ್ಲೇ ಬರೆಯುತ್ತಾರೆ. ಆದ್ದರಿಂದ ಬಾಣಂತಿ ಎಲ್ಲಿಗೆ ಹೋದರೂ ಅವಳ ಕಥೆ ಅವಳ ಜೊತೆಯಲ್ಲೇ ಹೋಗುತ್ತದೆ.

ಅದೇ ಮನೆಯಲ್ಲಿ ಅಜ್ಜಿ ಹೃದಯದ ಆಪರೇಷನ್ ಮಾಡಿಸಿಕೊಂಡು ಬಂದು ಮಲಗಿದ್ದರೆ, ನಾನು ಮಗುವನ್ನು ತೂಗಿ ಎದ್ದು ಬರಬೇಕು. ಅಜ್ಜಿಗೆ ಕಾರ್ಡ್ ಇಲ್ಲ. ನನ್ನ ವ್ಯಾಪ್ತಿಯ ಒಬ್ಬ ಅಜ್ಜಿ ಬೀಡಿ ಕಟ್ಟುವವರು. ಆಸ್ಪತ್ರೆಯಿಂದ ಬಂದ ಮೂರನೆಯ ದಿನವೇ ಬೀಡಿ ಕಟ್ಟುವ ಸೂಪು (ಮೊರ) ಮಡಿಲಲ್ಲಿಟ್ಟುಕೊಂಡು ಕೂತಿದ್ದರು, ಗಂಜಿಗೆ ಉಪ್ಪಿನಕಾಯಿ, ಒಣಮೀನು. ಉಪ್ಪು ಕಡಿಮೆ ಮಾಡಬೇಕೆಂದು ಯಾರಾದರೂ ಹೇಳಿದ್ದರೇ ಎಂದು ಕೇಳಿದೆ. ಹೇಳಿರಬಹುದು, ಆಗ ನನಗೆ ತಲೆ ಎಲ್ಲಿತ್ತು ಮಗಾ ಎಂದರು. ಮನೆಗೆ ಬಂದ ಮೇಲೆ ಹೇಳಬೇಕಾದ ಮಾತುಗಳು ಎಷ್ಟೋ ಇರುತ್ತವೆ.

ಮರುತಪಾಸಣೆಗೆ ಮಂಗಳೂರಿಗೆ ಬನ್ನಿ ಎಂದು ಬರೆದುಕೊಡುತ್ತಾರೆ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ. ನಮ್ಮ ಜಿಲ್ಲೆಗಳಲ್ಲಿ ಹೆಚ್ಚಿನ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು. ಇಬ್ಬರ ಟಿಕೆಟ್ಟು, ಒಂದು ದಿನದ ಬೀಡಿಯ ಕೂಲಿ ಎರಡೂ ಹೋಗುತ್ತವೆಂದು ಬಹಳ ಮಂದಿ ಹೋಗುವುದೇ ಇಲ್ಲ.


ಉಡುಪಿಯವಳು, ಈಗ ಬಾಲ್ಟಿಮೋರ್ · ಮಂಗಳವಾರ

ನಾನು ಉಡುಪಿಯಲ್ಲಿ ನರ್ಸಿಂಗ್ ಓದಿ ಈಗ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿಯೂ ರಾಜ್ಯ ಸರ್ಕಾರವೇ ಕೈಹಾಕಿ ಪಾವತಿಯ ರೀತಿಯನ್ನು ಬದಲಿಸಿದ್ದರಿಂದ ಇದನ್ನು ಹೇಳಿದರೆ ಉಪಯೋಗವಾಗಬಹುದು.

ಇಲ್ಲಿ 1970ರ ದಶಕದಿಂದ ಆಸ್ಪತ್ರೆಗಳ ದರವನ್ನು ರಾಜ್ಯದ ಒಂದು ಆಯೋಗ ನಿಗದಿಪಡಿಸುತ್ತದೆ. ಒಂದು ಆಸ್ಪತ್ರೆಯಲ್ಲಿ ಒಂದು ಚಿಕಿತ್ಸೆಗೆ ಸರ್ಕಾರಿ ಯೋಜನೆಯೂ ಖಾಸಗಿ ವಿಮೆಯೂ ಹೆಚ್ಚುಕಡಿಮೆ ಒಂದೇ ದರ ಕೊಡಬೇಕು. ಆದರೂ ಹೆಚ್ಚು ರೋಗಿಗಳು ದಾಖಲಾದಷ್ಟೂ ಹೆಚ್ಚು ಹಣ ಎಂಬುದು ಉಳಿದುಕೊಂಡಿತ್ತು. 2014ರಿಂದ ಪ್ರತಿ ಆಸ್ಪತ್ರೆಗೂ ವರ್ಷದ ಒಟ್ಟು ಆದಾಯವನ್ನು ಮೊದಲೇ ನಿಗದಿಪಡಿಸತೊಡಗಿದರು. ಮನೆಗೆ ಹೋದ ರೋಗಿ ಮತ್ತೆ ದಾಖಲಾದರೆ ಆಸ್ಪತ್ರೆಗೆ ಹೆಚ್ಚಿನ ಹಣ ಬರುವುದಿಲ್ಲ, ಕೆಲಸ ಮಾತ್ರ ಹೆಚ್ಚುತ್ತದೆ. ಆದ್ದರಿಂದ ರೋಗಿ ಮನೆಗೆ ಹೋದ ಮೇಲೆ ಫೋನ್ ಮಾಡಿ, ಮಾತ್ರೆ ತಂದಿರೇ, ಹಳೆಯದನ್ನು ನಿಲ್ಲಿಸಿದಿರೇ ಎಂದು ಕೇಳುವ ನರ್ಸ್‌ಗಳಿಗೆ ಆಸ್ಪತ್ರೆಯೇ ಸಂಬಳ ಕೊಡುವುದು ಲೆಕ್ಕಕ್ಕೂ ಸರಿಹೋಗುತ್ತದೆ. ಆರೆಗನ್ ಎಂಬ ಇನ್ನೊಂದು ರಾಜ್ಯ 2012ರಲ್ಲಿ ಬಡವರ ಆರೋಗ್ಯ ಯೋಜನೆಯನ್ನು ಪ್ರದೇಶವಾರು ಸಂಸ್ಥೆಗಳಿಗೆ ವಹಿಸಿ, ತಲಾ ವೆಚ್ಚದ ಏರಿಕೆಯನ್ನು ವರ್ಷಕ್ಕೆ ಶೇ. 3.4ರೊಳಗೆ ಹಿಡಿಯುವ ಒಪ್ಪಂದ ಮಾಡಿಕೊಂಡಿತು. ಗುಣಮಟ್ಟದ ಗುರಿ ಮುಟ್ಟಿದ ಸಂಸ್ಥೆಗಳಿಗೆ ಪ್ರತ್ಯೇಕ ನಿಧಿಯಿಂದ ಹಣ ಸಿಗುತ್ತದೆ.

ಇದನ್ನು ಹಾಗೆಯೇ ತಂದು ನೆಡಿ ಎಂದು ನಾನು ಹೇಳುತ್ತಿಲ್ಲ. ಒಟ್ಟು ಆದಾಯ ಮೊದಲೇ ನಿಗದಿಯಾದಾಗ, ಬೇಕಾದ ಚಿಕಿತ್ಸೆಯನ್ನೂ ಕಡಿಮೆ ಮಾಡುವ ಆಸೆ ಹುಟ್ಟಬಹುದು, ಅದಕ್ಕೆ ಬಿಗಿಯಾದ ನಿಗಾ ಬೇಕು.


ಬೈಂದೂರು ಕಡೆಯ ವೈದ್ಯಾಧಿಕಾರಿ · ಮಂಗಳವಾರ ರಾತ್ರಿ

ಬಾಲ್ಟಿಮೋರಿನವರ ಬರಹ ಉಪಯುಕ್ತವಾಗಿದೆ. ನಮ್ಮಲ್ಲಿ ವಾರ್ಷಿಕ ಒಟ್ಟು ಮೊತ್ತದ ಪದ್ಧತಿ ಸದ್ಯಕ್ಕೆ ನಿಲ್ಲದು ಎಂದು ನನಗೆ ಅನಿಸುತ್ತದೆ. ವೆನ್ಲಾಕ್ ಆಸ್ಪತ್ರೆಯನ್ನೇ ನೋಡಿ: 1848ರಿಂದ ಇರುವ ಆ ಆಸ್ಪತ್ರೆಗೆ ದಕ್ಷಿಣ ಕನ್ನಡದವರು ಮಾತ್ರವಲ್ಲ, ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದವರೂ ಬರುತ್ತಾರೆ. ಮಂಗಳೂರು, ಮಣಿಪಾಲದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೂ ಹಾಗೆಯೇ. ಇಷ್ಟು ಜನ, ಇಷ್ಟು ಮೊತ್ತ ಎಂದು ಗೆರೆ ಎಳೆಯುವುದು ಎಲ್ಲಿ?

ಆದರೆ ಹಣವನ್ನು ಎರಡು ಕಂತುಗಳಲ್ಲಿ ಕೊಡುವುದು ನಮಗೆ ಹೊಸತಲ್ಲ. ಕ್ಷಯರೋಗದ ಕಾರ್ಯಕ್ರಮದಲ್ಲಿ ಖಾಸಗಿ ವೈದ್ಯರು ರೋಗಿಯ ಮಾಹಿತಿ ದಾಖಲಿಸಿದಾಗ 500 ರೂಪಾಯಿ, ಚಿಕಿತ್ಸೆಯ ಫಲಿತಾಂಶ ತಿಳಿಸಿದಾಗ ಇನ್ನೊಂದು 500 ರೂಪಾಯಿ. ಆ ಎರಡನೆಯ ಕಂತಿನಿಂದಾಗಿಯೇ ಎಷ್ಟೋ ಕ್ಲಿನಿಕ್‌ಗಳು ರೋಗಿಯನ್ನು ಮತ್ತೆ ಫೋನ್ ಮಾಡಿ ಕರೆಯುವುದನ್ನು ನಾನು ಕಂಡಿದ್ದೇನೆ.

ಆಸ್ಪತ್ರೆಗಳ ನಡುವೆ ಮಾತುಕತೆ ಸಾಧ್ಯವೆಂಬುದಕ್ಕೂ ಸಾಕ್ಷಿ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಕೇಂದ್ರದಲ್ಲಿ ನೋಡಿ, ಹೃದಯಾಘಾತವೆಂದು ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಅದಕ್ಕೂ ಮೊದಲೇ ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಒದಗಿಸಿ, ವಾಟ್ಸಾಪ್‌ನಲ್ಲಿ ಸಲಹೆ ಕೊಡುವ ಕೆಲಸ ಆರಂಭಿಸಿದ್ದರು. ಮೇಲಿನಿಂದ ಕೆಳಕ್ಕೆ ಹತ್ತು ನಿಮಿಷದಲ್ಲಿ ಉತ್ತರ ಬರುತ್ತದೆ. ಎದೆನೋವಿನ ಮೊದಲ ಗಂಟೆಗೆ ಸಾಧ್ಯವಾದದ್ದು ಮೂರನೆಯ ವಾರಕ್ಕೂ ಸಾಧ್ಯವಾಗಬೇಕು.


ಹಿರಿಯಡ್ಕದ ಮಗಳು · ಬುಧವಾರ

ಎಲ್ಲರಿಗೂ ಕೃತಜ್ಞತೆ. ಬಿಲ್ಲಿಂಗ್ ವಿಭಾಗದವರ ಮಾತು ಕೇಳಿ ತಡೆಹಿಡಿಯುವ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮೇಲೆ ಸೇರಿಸುವ ಎರಡನೆಯ ಕಂತೇ ಸರಿ. 14 ಅಂಕೆಗಳ ಆಭಾ ಎಂಬ ಆರೋಗ್ಯ ಖಾತೆಯ ಸಂಖ್ಯೆ ಇದೆಯಲ್ಲ, ಎಲ್ಲ ದಾಖಲೆಗಳೂ ಅದರಲ್ಲೇ ಕೂಡುವುದಿಲ್ಲವೇ ಎಂದು ಒಬ್ಬರು ಖಾಸಗಿಯಾಗಿ ಕೇಳಿದರು. ಅಮ್ಮನಿಗೂ ಆಭಾ ಮಾಡಿಸಿದ್ದೇವೆ. ಆದರೆ ಆಧಾರ್ ಕಾರ್ಡಿಗೆ ಜೋಡಿಸಿದ ಫೋನ್ ದುಬೈಯಲ್ಲಿರುವ ಅಣ್ಣನ ಕೈಯಲ್ಲಿದೆ. ಪಿಎಚ್‌ಸಿಯಲ್ಲಿ ಅಮ್ಮ ಕೌಂಟರಿನ ಮುಂದೆ ನಿಂತು, ಅಣ್ಣ ಕೆಲಸದ ನಡುವೆ ಓಟಿಪಿ ಕಳಿಸುವವರೆಗೆ ಕಾಯಬೇಕು. ನಮ್ಮ ಊರಿನಲ್ಲಿ ಎಷ್ಟು ಮನೆಗಳ ಫೋನ್ ಗಲ್ಫಿನಲ್ಲಿದೆ ಎಂದು ನಿಮಗೇ ಗೊತ್ತು.

ಆದ್ದರಿಂದ ಕಾಗದದ ಒಂದು ಪುಟವೂ ಇರಲಿ, ತಾಯಿ ಕಾರ್ಡಿನಂತೆ ಕೈಯಲ್ಲಿ ಹಿಡಿಯುವಂಥದ್ದು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಹೀಗೆ ಬರೆದಿದ್ದೇನೆ: ಏನಾಗಿತ್ತು, ಏನು ಮಾಡಿದೆವು; ಯಾವ ಮಾತ್ರೆ, ಯಾವ ಹೊತ್ತಿಗೆ, ಎಷ್ಟು ತಿಂಗಳು; ಪಿಎಚ್‌ಸಿಗೆ ಯಾವ ದಿನ ತೋರಿಸಬೇಕು; ಯಾವ ತೊಂದರೆ ಕಂಡರೆ ತಡಮಾಡದೆ ಹೊರಡಬೇಕು; ಸಂಶಯ ಬಂದರೆ ಕರೆಯಬೇಕಾದ ಫೋನ್ ನಂಬರ್. ಇದನ್ನು ತಿದ್ದಿಕೊಡಿ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೂ ಶಾಸಕರಿಗೂ ಈ ನಮೂನೆಯನ್ನು ಮನವಿಯ ಜೊತೆ ಕೊಡುತ್ತೇನೆ.


ನಿವೃತ್ತ ಫಾರ್ಮಸಿಸ್ಟ್, ಕಾರ್ಕಳ · ಬುಧವಾರ ರಾತ್ರಿ

ಮಗಳೇ, ನಮೂನೆ ಚೆನ್ನಾಗಿದೆ. ಒಂದು ಸಾಲು ಬಿಟ್ಟುಹೋಗಿದೆ: “ನಿಲ್ಲಿಸಬೇಕಾದ ಹಳೆಯ ಮಾತ್ರೆಗಳು”. ಅದನ್ನು ಹೊಸ ಮಾತ್ರೆಗಳ ಪಟ್ಟಿಗಿಂತ ಮೇಲೆ ಹಾಕಿ, ಮತ್ತು ಬ್ರ್ಯಾಂಡಿನ ಹೆಸರಿನ ಪಕ್ಕದಲ್ಲಿ ಮದ್ದಿನ ಮೂಲ ಹೆಸರನ್ನೂ ಕನ್ನಡದಲ್ಲಿ ಬರೆಯಲು ಜಾಗ ಬಿಡಿ. ನಿಮ್ಮ ಅಮ್ಮನ ಎರಡು ಸ್ಟ್ರಿಪ್‌ಗಳ ಫೋಟೋ, ಎದುರಿನದ್ದೂ ಬೆನ್ನಿನದ್ದೂ, ಇದ್ದರೆ ಮನವಿಯ ಜೊತೆ ಲಗತ್ತಿಸಿ.


ಹಿರಿಯಡ್ಕದ ಮಗಳು · ಬುಧವಾರ ರಾತ್ರಿ

ಸೇರಿಸಿದೆ, ಮೊದಲ ಸಾಲಾಗಿಯೇ. ಸ್ಟ್ರಿಪ್‌ಗಳನ್ನು ಅಮ್ಮ ಎಸೆದಿಲ್ಲ, ಬಿಸ್ಕತ್ತಿನ ಡಬ್ಬಿಯಲ್ಲಿವೆ. ನಾಳೆ ಬೆಳಕಿನಲ್ಲಿ ಫೋಟೋ ತೆಗೆಯುತ್ತೇನೆ.